ಬೆಳ್ಳಿತೆರೆಯ ಕಟ್ಟಬೊಮ್ಮನೂ ಚರಿತ್ರೆಯ ಕಟ್ಟಬೊಮ್ಮನೂ

ನಮ್ಮ ತಾಳವಾಡಿ ಸೀಮೆಯ ಕನ್ನಡ ಮನೆಗಳ ಮಕ್ಕಳು ಆಟವಾಡುವಾಗ ಜಗಳ ಹುಟ್ಟಿದರೆ ಒಂದು ಬೈಗುಳ ಕೇಳಿಬರುವುದುಂಟು. ತನ್ನ ಕಡೆಯ ಗುಟ್ಟನ್ನು ಎದುರು ಪಕ್ಷಕ್ಕೆ ಹೇಳಿಕೊಟ್ಟವನನ್ನು ಉಳಿದವರು 'ಎಟ್ಟಪ್ಪ' ಎಂದು ಕೂಗಿ ಅಳಿಸುತ್ತಾರೆ. ಈ ಎಟ್ಟಪ್ಪನು ಯಾರು, ಯಾವ ಊರಿನವನು, ಯಾವ ಕಾಲದವನು ಎಂದು ಕೇಳಿದರೆ ಮಕ್ಕಳಿಗೆ ತಿಳಿಯದು. ಹಿರಿಯರನ್ನು ಕೇಳಿದರೆ, ಕಟ್ಟಬೊಮ್ಮನನ್ನು ಹಿಡಿದುಕೊಟ್ಟ ದ್ರೋಹಿ ಅವನಲ್ಲವೆ ಎಂಬ ಉತ್ತರ ಬರುತ್ತದೆ. ಹಿರಿಯರಲ್ಲಿ ಬಹುಮಂದಿ ಈ ಉತ್ತರವನ್ನು ಯಾವ ಗ್ರಂಥದಿಂದಲೂ ಪಡೆದವರಲ್ಲ. 1959ರಲ್ಲಿ ತೆರೆಗೆ ಬಂದ 'ವೀರಪಾಂಡಿಯ ಕಟ್ಟಬೊಮ್ಮನ್' ಎಂಬ ತಮಿಳು ಚಲಚ್ಚಿತ್ರದಿಂದ ಪಡೆದವರು. ಒಂದು ಚಿತ್ರವು ಒಂದು ನಾಡಿನ ಚರಿತ್ರೆಯನ್ನು ಹೇಳುವಾಗ ಏನನ್ನು ಕೊಡುತ್ತದೆ, ಏನನ್ನು ಮರೆಸುತ್ತದೆ, ಯಾರ ಹೆಸರಿಗೆ ಮಸಿ ಬಳಿಯುತ್ತದೆ ಎಂಬುದನ್ನು ವಿಚಾರಮಾಡಲು ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತೋರಲಿಲ್ಲ. ಆದುದರಿಂದ ಸಂಘದ ವಾರ್ಷಿಕೋತ್ಸವದ ಈ ಸಂಚಿಕೆಯಲ್ಲಿ ಆ ವಿಷಯವನ್ನು ವಾಚಕರ ಮುಂದಿಡುತ್ತಿದ್ದೇವೆ.

ಮೊದಲು ಚಿತ್ರದ ವೈಭವವನ್ನು ಹೇಳಬೇಕು. ಅದನ್ನು ನಿರ್ಮಿಸಿ ನಿರ್ದೇಶಿಸಿದವರು ಬಿ. ಆರ್. ಪಂತುಲುಗಳು. ಕೋಲಾರ ಮತ್ತು ಕುಪ್ಪಂ ಪ್ರದೇಶಗಳು ಕೂಡುವ ಗಡಿಸೀಮೆಯಿಂದ ಬಂದ ಈ ಕನ್ನಡಿಗರು ವೃತ್ತಿರಂಗಭೂಮಿಯಲ್ಲಿ ಪಳಗಿ, 1936ರ 'ಸಂಸಾರ ನೌಕಾ' ಚಿತ್ರದಲ್ಲಿ ಅಭಿನಯಿಸಿ, ಮುಂದೆ ಮದರಾಸಿನಲ್ಲಿ ಪದ್ಮಿನಿ ಪಿಕ್ಚರ್ಸ್ ಸಂಸ್ಥೆಯ ಮೂಲಕ ಕನ್ನಡ, ತಮಿಳು ಎರಡೂ ಭಾಷೆಗಳಲ್ಲಿ ಚಿತ್ರಗಳನ್ನು ತೆಗೆದರು. ಕಟ್ಟಬೊಮ್ಮನ ಕಥೆ ಮೊದಲು ರಂಗದ ಮೇಲೆ ಬಂದಿತ್ತು. ಶಕ್ತಿ ಟಿ. ಕೆ. ಕೃಷ್ಣಸಾಮಿಯವರು ಬರೆದ ನಾಟಕವನ್ನು ಶಿವಾಜಿ ಗಣೇಶನ್ನರ ನಾಟಕ ಮಂಡಳಿಯು 1957ರಲ್ಲಿ ಸೇಲಂ ನಗರದಲ್ಲಿ ಪ್ರಥಮವಾಗಿ ಆಡಿತು. ಬಾಲ್ಯದಲ್ಲಿ ಬೀದಿಯಾಟವೊಂದರಲ್ಲಿ ಕಟ್ಟಬೊಮ್ಮನ ವೇಷವನ್ನು ಕಂಡದ್ದೇ ತಮ್ಮನ್ನು ನಟನ ವೃತ್ತಿಗೆ ಎಳೆಯಿತೆಂದು ಶಿವಾಜಿ ಗಣೇಶನ್ನರು ಹೇಳಿಕೊಂಡಿದ್ದಾರೆ. ಆ ಬಾಲಕನ ಕನಸು ಪಂತುಲುಗಳ ಸಾಹಸದಿಂದ ಬಣ್ಣದ ಚಿತ್ರವಾಯಿತು. ಗೇವಾಕಲರಿನಲ್ಲಿ ತೆಗೆದ ಚಿತ್ರವನ್ನು ಲಂಡನ್ನಿಗೆ ಕೊಂಡೊಯ್ದು ಟೆಕ್ನಿಕಲರ್ ಪ್ರತಿಗಳನ್ನು ಮಾಡಿಸಿದರು. ತಮಿಳಿನಲ್ಲಿ ಹಾಗೆ ಬಂದ ಮೊದಲ ಚಿತ್ರವೇ ಇದು. ಯುದ್ಧದ ದೃಶ್ಯಗಳಿಗಾಗಿ ದೂರದ ಜಯಪುರಕ್ಕೆ ಹೋಗಿ, ಅಲ್ಲಿಯ ಬಯಲುಗಳಲ್ಲಿ ಕುದುರೆ, ಕಾಲಾಳುಗಳನ್ನು ಕೂಡಿಸಿ ಸಮರಾಂಗಣವನ್ನು ನಿರ್ಮಿಸಿದರು. ಜೆಮಿನಿ ಗಣೇಶನ್, ಪದ್ಮಿನಿ, ಎಸ್. ವರಲಕ್ಷ್ಮಿ ಮೊದಲಾದವರು ಪಾತ್ರವಹಿಸಿದರು, ಜಿ. ರಾಮನಾಥನ್ ಸಂಗೀತ ಕೊಟ್ಟರು. 1960ರಲ್ಲಿ ಕೈರೋ ನಗರದಲ್ಲಿ ನಡೆದ ಆಫ್ರೋ-ಏಷ್ಯನ್ ಚಲಚ್ಚಿತ್ರೋತ್ಸವದಲ್ಲಿ ಶಿವಾಜಿ ಗಣೇಶನ್ನರಿಗೆ ಶ್ರೇಷ್ಠ ನಟ ಪ್ರಶಸ್ತಿ ದೊರೆಯಿತು. ಚಿತ್ರವು ತೆಲುಗಿಗೂ ಹಿಂದಿಗೂ ಮಾತು ಬದಲಿಸಿಕೊಂಡು ಹೋಯಿತು. 2015ರಲ್ಲಿ ಅದನ್ನು ಹೊಸ ಯಂತ್ರಗಳಿಂದ ಶುದ್ಧಗೊಳಿಸಿ ಮರಳಿ ಬಿಡುಗಡೆ ಮಾಡಿದಾಗಲೂ ಜನ ನೆರೆದು ನೋಡಿದರು.

ಈ ಚಿತ್ರದ ಒಂದು ದೃಶ್ಯವನ್ನು ಬಾಯಿಪಾಠವಾಗಿ ಒಪ್ಪಿಸದ ಶಾಲಾ ವಾರ್ಷಿಕೋತ್ಸವ ಆ ತಲೆಮಾರಿನಲ್ಲಿ ತಮಿಳು ನಾಡಿನಲ್ಲಿ ಅಪರೂಪವಾಗಿತ್ತು. ಕುಂಪಣಿಯ ಕಲೆಕ್ಟರ್ ಜ್ಯಾಕ್ಸನ್ನನು ಕಪ್ಪವನ್ನು ಕೇಳುತ್ತಾನೆ. ಈ ನೆಲದಲ್ಲಿ ದುಡಿಯದ ನಿನಗೇಕೆ ನಾವು ಕಪ್ಪ ಕೊಡಬೇಕೆಂದು ಕಟ್ಟಬೊಮ್ಮನು ಸಿಂಹದಂತೆ ಗರ್ಜಿಸುತ್ತಾನೆ. ನಮ್ಮ ಬೆಟ್ಟದ ಊರುಗಳಲ್ಲಿಯೂ ಟೂರಿಂಗ್ ಟಾಕೀಸಿನ ಡೇರೆಯಲ್ಲಿ ಮರಳಿನ ಮೇಲೆ ಕುಳಿತು ನೋಡಿದವರು ಮೈಮರೆತು ಚಪ್ಪಾಳೆ ತಟ್ಟಿದ್ದುಂಟು. ತಮಿಳು ಅರ್ಧ ತಿಳಿದವರಿಗೂ ಆ ಗರ್ಜನೆಯ ಅರ್ಥ ಪೂರ್ಣವಾಗಿ ತಿಳಿಯಿತು. ಅಭಿನಯಕ್ಕೆ ಅಂತಹ ಶಕ್ತಿಯುಂಟು. ಆದರೆ ಆ ಗರ್ಜನೆಯ ಹಿಂದಿನ ಚರಿತ್ರೆ ಯಾವುದು?

ಪಾಂಚಾಲಂಕುರಿಚಿ ಎಂಬುದು ತಿರುನೆಲ್ವೇಲಿ ಸೀಮೆಯ ಒಂದು ಪಾಳೆಯಪಟ್ಟು. ವಿಜಯನಗರದ ಮತ್ತು ಮಧುರೆಯ ನಾಯಕರ ಕಾಲದಲ್ಲಿ ತೆಂಕಣಕ್ಕೆ ಇಳಿದುಬಂದ ರಾಜಕಂಬಳದ ನಾಯಕರ ಕುಲಕ್ಕೆ ಕಟ್ಟಬೊಮ್ಮನು ಸೇರಿದವನು. ಆ ಕುಲದ ಮನೆಮಾತು ತೆಲುಗು. ಆ ಕಾಲದಲ್ಲಿ ಪಾಳೆಯಗಾರರೆಲ್ಲರೂ ಹೆಸರಿಗೆ ಆರ್ಕಾಟಿನ ನವಾಬನ ಕೈಕೆಳಗಿನವರು. ನವಾಬನಾದರೋ ಕುಂಪಣಿಯ ಸಾಲದಲ್ಲಿ ಮುಳುಗಿದ್ದನು. 1792ರ ಒಪ್ಪಂದದಿಂದ ಪಾಳೆಯಗಾರರ ಕಪ್ಪವನ್ನು ನೇರವಾಗಿ ವಸೂಲು ಮಾಡುವ ಅಧಿಕಾರ ಕುಂಪಣಿಗೆ ಬಂದಿತು. ಅಲ್ಲಿಯವರೆಗೆ ಕೊಟ್ಟರೆ ಕೊಟ್ಟೆ, ಬಿಟ್ಟರೆ ಬಿಟ್ಟೆ ಎಂಬಂತಿದ್ದ ಕಪ್ಪವು ಆ ಬಳಿಕ ಲೆಕ್ಕದ ಪುಸ್ತಕದ ಬಾಕಿಯಾಯಿತು. ಬಾಕಿ ಬಂದರೆ ಕಲೆಕ್ಟರನ ಪತ್ರ, ಪತ್ರಕ್ಕೆ ಉತ್ತರ ಬಾರದಿದ್ದರೆ ಸಿಪಾಯಿಗಳು ಎಂಬ ಕ್ರಮ ಮೊದಲಾಯಿತು.

1798ರಲ್ಲಿ ಕಟ್ಟಬೊಮ್ಮನು ಕೊಡಬೇಕಾಗಿದ್ದ ಬಾಕಿ 3310 ವರಹ. ಕಲೆಕ್ಟರ್ ಜ್ಯಾಕ್ಸನ್ನನು ರಾಮನಾಥಪುರದಲ್ಲಿ ತನ್ನನ್ನು ಕಾಣಬೇಕೆಂದು ಆಜ್ಞೆ ಕಳುಹಿಸಿದನು. ಕಟ್ಟಬೊಮ್ಮನು ಅವನನ್ನು ಕಾಣಲು ಊರಿಂದೂರಿಗೆ ಹಿಂಬಾಲಿಸಿದರೂ ಕಲೆಕ್ಟರನು ಮುಖಕೊಡದೆ ಅಲೆಸಿದನು. ಕೊನೆಗೆ ಸೆಪ್ಟೆಂಬರ್ ತಿಂಗಳಲ್ಲಿ ರಾಮನಾಥಪುರದ ಕೋಟೆಯಲ್ಲಿ ಭೇಟಿಯಾಯಿತು. ಅಷ್ಟರಲ್ಲಿ ಕಟ್ಟಬೊಮ್ಮನು ಬಾಕಿಯ ಬಹುಭಾಗವನ್ನು ಸಲ್ಲಿಸಿ ಆಗಿತ್ತು. ಉಳಿದಿದ್ದುದು 1080 ವರಹ ಮಾತ್ರ. ಆದರೂ ಕಲೆಕ್ಟರನು ಅವನನ್ನೂ ಅವನ ಪ್ರಧಾನಿ ಶಿವಸುಬ್ರಹ್ಮಣ್ಯ ಪಿಳ್ಳೆಯನ್ನೂ ಮೂರು ಗಂಟೆಗಳ ಕಾಲ ನಿಲ್ಲಿಸಿಯೇ ಮಾತನಾಡಿಸಿದನು. ಸೆರೆ ಹಿಡಿಯುವ ಸೂಚನೆ ಕಂಡು ಕಟ್ಟಬೊಮ್ಮನು ಹೊರಬೀಳುವಾಗ ಕೋಟೆಯ ಬಾಗಿಲಿನಲ್ಲಿ ಕಾದಾಟವಾಗಿ ಲೆಫ್ಟೆನೆಂಟ್ ಕ್ಲಾರ್ಕನೆಂಬ ಅಧಿಕಾರಿ ಮಡಿದನು; ಪಿಳ್ಳೆ ಸೆರೆಸಿಕ್ಕಿದನು. ಕಟ್ಟಬೊಮ್ಮನು ಮದರಾಸಿನ ಸರಕಾರಕ್ಕೆ ದೂರು ಬರೆದನು. ಸರಕಾರವು ವಿಚಾರಣಾ ಸಮಿತಿಯನ್ನು ನೇಮಿಸಿತು. ಸಮಿತಿಯು ಕಟ್ಟಬೊಮ್ಮನದು ತಪ್ಪಲ್ಲವೆಂದು ಕಂಡಿತು. ಪಿಳ್ಳೆಯನ್ನು ಬಿಟ್ಟರು, ಜ್ಯಾಕ್ಸನ್ನನನ್ನು ಕೆಲಸದಿಂದ ತೆಗೆದರು. ಅವನ ಸ್ಥಾನಕ್ಕೆ ಲಷಿಂಗ್ಟನ್ನನು ಬಂದನು.

ವಾಚಕರು ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು. ಚಿತ್ರದಲ್ಲಿ ಕಪ್ಪವನ್ನೇ ಧಿಕ್ಕರಿಸಿದ ವೀರನು ಚರಿತ್ರೆಯಲ್ಲಿ ಕಪ್ಪದ ಮೂರನೆಯ ಎರಡು ಭಾಗವನ್ನು ಕಟ್ಟಿ, ಅವಮಾನವನ್ನು ನುಂಗಿ, ನ್ಯಾಯ ಕೇಳಿ ಅರ್ಜಿ ಬರೆದ ಮನುಷ್ಯನಾಗಿದ್ದಾನೆ. ಇದರಿಂದ ಅವನ ಹಿರಿಮೆ ಕುಂದಿತೆ? ನಮ್ಮ ಅಭಿಪ್ರಾಯದಲ್ಲಿ ಕುಂದಲಿಲ್ಲ. ಅರ್ಜಿಯ ದಾರಿಯನ್ನೂ ತುಳಿದು ನೋಡಿದವನು ಕತ್ತಿ ಹಿಡಿದುದರಲ್ಲಿ ಹೆಚ್ಚಿನ ದುಃಖವಿದೆ, ಹೆಚ್ಚಿನ ಅರ್ಥವೂ ಇದೆ. ಕಪ್ಪ ಕಟ್ಟಿದ ಮಾತ್ರಕ್ಕೆ ಮಾನ ಉಳಿಯುವುದಿಲ್ಲವೆಂಬುದನ್ನು ಅವನು ರಾಮನಾಥಪುರದಲ್ಲಿ ಮೂರು ಗಂಟೆ ನಿಂತು ಕಲಿತನು. ಆದರೆ ಈ ಕಲಿಕೆಯನ್ನು ತೆರೆಯ ಮೇಲೆ ತೋರಿಸುವುದು ಕಷ್ಟ. ಗರ್ಜನೆಯನ್ನು ತೋರಿಸುವುದು ಸುಲಭ. ಚಿತ್ರವು ಸುಲಭವಾದುದನ್ನು ಆರಿಸಿಕೊಂಡಿತು.

ಮುಂದಿನ ಕಥೆಯು ದುರಂತದ್ದು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಿತು; ಟಿಪ್ಪು ಸುಲ್ತಾನನು ಮಡಿದನು. ಮೈಸೂರಿನ ಭಯ ತಪ್ಪಿದ ಮೇಲೆ ಕುಂಪಣಿಯ ಸೈನ್ಯಕ್ಕೆ ದಕ್ಷಿಣದ ಪಾಳೆಯಗಾರರ ಕಡೆಗೆ ತಿರುಗಲು ಬಿಡುವಾಯಿತು. ಸೆಪ್ಟೆಂಬರ್ 5ರಂದು ಮೇಜರ್ ಬ್ಯಾನರ್ಮನ್ನನು ಪಾಂಚಾಲಂಕುರಿಚಿಯ ಕೋಟೆಯ ಮೇಲೆ ಬಿದ್ದನು. ಮಣ್ಣಿನ ಕೋಟೆಯಾದರೂ ಮೊದಲ ಏಟಿಗೆ ಮಣಿಯಲಿಲ್ಲ. ಕುಂಪಣಿಯವರೇ ಪೆಟ್ಟು ತಿಂದರು. ಹೆಚ್ಚಿನ ದಂಡು ಬರುವುದನ್ನರಿತು ಕಟ್ಟಬೊಮ್ಮನು ಕೋಟೆಯನ್ನು ಬಿಟ್ಟು ಉತ್ತರಕ್ಕೆ ಸರಿದನು. ಪುದುಕ್ಕೋಟೆ ಸೀಮೆಯ ಕಾಡಿನಲ್ಲಿ ಅಡಗಿದ್ದ ಅವನನ್ನು ಅಲ್ಲಿಯ ದೊರೆ ತೊಂಡೈಮಾನನ ಜನ ಹಿಡಿದು ಕುಂಪಣಿಗೆ ಒಪ್ಪಿಸಿದರು. 1799ರ ಅಕ್ಟೋಬರ್ 16ರಂದು ಕಯತ್ತಾರಿನಲ್ಲಿ ಪಾಳೆಯಗಾರರನ್ನೆಲ್ಲ ಬರಮಾಡಿ, ಅವರ ಕಣ್ಣೆದುರಿಗೆ ವಿಚಾರಣೆಯ ಶಾಸ್ತ್ರವನ್ನು ಮುಗಿಸಿ, ಅವನನ್ನು ಗಲ್ಲಿಗೇರಿಸಿದರು. ಅವನು ಕೊನೆಯವರೆಗೂ ಅಳುಕದೆ ನಡೆದನೆಂದೂ, ಎಟ್ಟಯಪುರದ ಮತ್ತು ಶಿವಗಿರಿಯ ಪಾಳೆಯಗಾರರನ್ನು ತಿರಸ್ಕಾರದಿಂದ ನೋಡಿದನೆಂದೂ ಗಲ್ಲಿಗೇರಿಸಿದ ಬ್ಯಾನರ್ಮನ್ನನೇ ಮರುದಿನ ಸರಕಾರಕ್ಕೆ ಬರೆದನು. ಶತ್ರುವಿನ ಲೇಖನಿಯಿಂದ ಬಂದ ಈ ಸಾಕ್ಷ್ಯವನ್ನು ಓದಿದಾಗ ನಮಗೆ ಚಿತ್ರದ ಕೊನೆಯ ದೃಶ್ಯಕ್ಕಿಂತ ಹೆಚ್ಚು ಮೈನವಿರೇಳುತ್ತದೆ.

ಈಗ ಎಟ್ಟಪ್ಪನ ಮಾತಿಗೆ ಬರೋಣ. ಎಟ್ಟಪ್ಪನೆಂಬುದು ಒಬ್ಬ ಮನುಷ್ಯನ ಹೆಸರಲ್ಲ. ಎಟ್ಟಯಪುರದ ಪಾಳೆಯಗಾರರ ವಂಶಕ್ಕೆ ಬಂದ ಬಿರುದು. ಆ ವಂಶದವರೂ ಕಟ್ಟಬೊಮ್ಮನಂತೆ ರಾಜಕಂಬಳದ ನಾಯಕರೇ. ಈ ಎರಡು ಪಾಳೆಯಪಟ್ಟುಗಳ ನಡುವೆ ಎಲ್ಲೆಯ ವ್ಯಾಜ್ಯ, ಹಗೆತನ ಬಹುಕಾಲದಿಂದ ಇದ್ದಿತು. ಕುಂಪಣಿಯು ಬಂದಾಗ ಎಟ್ಟಯಪುರದವನು ಅದರ ಕಡೆ ನಿಂತನು. ಕಟ್ಟಬೊಮ್ಮನನ್ನು ಹಿಡಿಯುವ ಪ್ರಯತ್ನದಲ್ಲಿಯೂ ಮುಂದಾಳಾಗಿದ್ದನು. ಪಾಂಚಾಲಂಕುರಿಚಿಯ ಭೂಮಿಯಲ್ಲಿ ಪಾಲನ್ನೂ ಪಡೆದನು. ಇದನ್ನು ಯಾರೂ ಮುಚ್ಚಿಡಬೇಕಾಗಿಲ್ಲ. ಆದರೆ ದ್ರೋಹವೆಂದರೇನು? ನಂಬಿದವನಿಗೆ ಎರಡೆಣಿಸುವುದು ದ್ರೋಹ. ಎಟ್ಟಯಪುರದವನು ಕಟ್ಟಬೊಮ್ಮನ ಊಳಿಗದವನಲ್ಲ, ಸ್ನೇಹಿತನಲ್ಲ, ಅವನಿಗೆ ಭಾಷೆ ಕೊಟ್ಟವನೂ ಅಲ್ಲ. ಅವನು ಬಹಿರಂಗವಾದ ವೈರಿ. ವೈರಿಯು ಪರಕೀಯನನ್ನು ಕೂಡಿ ನೆರೆಯವನನ್ನು ಕೆಡಿಸಿದನೆಂದು ನಾವು ಖಂಡಿಸಬಹುದು. ದೇಶವೆಂಬ ಒಂದು ಮನೆಯಿತ್ತು, ಆ ಮನೆಗೆ ಅವನು ಕನ್ನ ಹಾಕಿದನೆಂದು ಹೇಳುವುದಾದರೆ, ಆ ಮನೆಯನ್ನು 1799ರಲ್ಲಿ ಯಾರೂ ಇನ್ನೂ ಕಟ್ಟಿರಲಿಲ್ಲವೆಂಬುದನ್ನು ಮರೆಯಬಾರದು. ಚಿತ್ರದಲ್ಲಿ ತೊಂಡೈಮಾನನ ಪ್ರಸ್ತಾಪವಿಲ್ಲದೆ ಇಲ್ಲ. ಆದರೆ ಡೇರೆಯಿಂದ ಹೊರಬಿದ್ದ ಪ್ರೇಕ್ಷಕನ ಮನಸ್ಸಿನಲ್ಲಿ ಒಬ್ಬ ಖಳನಿಗೆ ಮಾತ್ರ ಸ್ಥಳವಿತ್ತು. ವಿ. ಕೆ. ರಾಮಸಾಮಿಯವರ ಅಭಿನಯದ ಬಲದಿಂದ ಆ ಸ್ಥಳವು ಎಟ್ಟಪ್ಪನಿಗೆ ಶಾಶ್ವತವಾಗಿ ದಕ್ಕಿತು. ಹಿಡಿದುಕೊಟ್ಟವನ ಹೆಸರು ಮರೆತು ಹೋಯಿತು. ಹಿಡಿಯಲು ಓಡಾಡಿದವನ ಬಿರುದು ಬೈಗುಳವಾಯಿತು.

ಆ ಬೈಗುಳದ ಕೆಳಗೆ ಏನೇನು ಹೂತುಹೋಯಿತೆಂಬುದನ್ನೂ ನೋಡಬೇಕು. ಸಂಗೀತ ತ್ರಿಮೂರ್ತಿಗಳಲ್ಲೊಬ್ಬರಾದ ಮುತ್ತುಸ್ವಾಮಿ ದೀಕ್ಷಿತರು 1835ರಲ್ಲಿ ದೇಹವಿಟ್ಟುದು ಎಟ್ಟಯಪುರದಲ್ಲಿ. ಅವರ ಸಮಾಧಿ ಅಲ್ಲಿಯೇ ಇದೆ. ಅವರ ಸೋದರ ಬಾಲುಸ್ವಾಮಿ ದೀಕ್ಷಿತರು ಆ ಆಸ್ಥಾನದ ವಿದ್ವಾಂಸರು. ಸುಬ್ಬರಾಮ ದೀಕ್ಷಿತರ 'ಸಂಗೀತ ಸಂಪ್ರದಾಯ ಪ್ರದರ್ಶಿನಿ' ಎಂಬ ಮಹಾಗ್ರಂಥವು 1904ರಲ್ಲಿ ತೆಲುಗು ಲಿಪಿಯಲ್ಲಿ ಮುದ್ರಣವಾದುದು ಅದೇ ಊರಿನಲ್ಲಿ, ಅದೇ ಅರಮನೆಯ ಆಶ್ರಯದಲ್ಲಿ. ಇನ್ನೂ ಸೋಜಿಗದ ಸಂಗತಿ ಒಂದಿದೆ. ಆಂಗ್ಲರ ವಿರುದ್ಧ ತಮಿಳಿಗೆ ಹೊಸ ಕಂಠವನ್ನು ಕೊಟ್ಟ ಸುಬ್ರಹ್ಮಣ್ಯ ಭಾರತಿಯವರು 1882ರಲ್ಲಿ ಹುಟ್ಟಿದುದು ಎಟ್ಟಯಪುರದಲ್ಲಿ. 'ಭಾರತಿ' ಎಂಬ ಬಿರುದು ಅವರಿಗೆ ದೊರೆತುದೂ ಅಲ್ಲಿಯೇ. ಕೆಲಕಾಲ ಅವರು ಆ ಜಮೀನ್ದಾರರ ಬಳಿ ಕೆಲಸದಲ್ಲಿದ್ದರು. 1961ರಲ್ಲಿ ಪಂತುಲುಗಳೇ ವ. ಉ. ಚಿದಂಬರಂ ಪಿಳ್ಳೆಯವರ ಜೀವನವನ್ನು ಕುರಿತು 'ಕಪ್ಪಲೋಟ್ಟಿಯ ತಮಿಳನ್' ಚಿತ್ರವನ್ನು ತೆಗೆದಾಗ ಭಾರತಿಯವರ ಪಾತ್ರವನ್ನು ಅದರಲ್ಲಿ ಭಕ್ತಿಯಿಂದ ಚಿತ್ರಿಸಿದರು. ಒಂದು ಚಿತ್ರದಲ್ಲಿ ದ್ರೋಹಿಯ ಊರಾದುದು ಎರಡು ವರ್ಷಗಳ ಬಳಿಕ ಕವಿಯ ಊರಾಗಿ ಬಂದಿತು. ಒಂದೇ ಊರಿನಲ್ಲಿ ಎರಡೂ ಇರಬಹುದೆಂಬುದೇ ಚರಿತ್ರೆಯ ಪಾಠ. ಆದರೆ ಎರಡು ಚಿತ್ರಗಳನ್ನು ಕೂಡಿಸಿ ನೋಡುವ ಪ್ರೇಕ್ಷಕರು ವಿರಳ.

ಚಿತ್ರವನ್ನು ತೆಗೆದವರು ಚರಿತ್ರೆಯನ್ನು ಅಲಕ್ಷಿಸಿದರೆಂದು ಯಾರೂ ಭಾವಿಸಬಾರದು. ಸಂಶೋಧನೆಗಾಗಿ ಒಂದು ಸಮಿತಿಯನ್ನೇ ಅವರು ಇಟ್ಟುಕೊಂಡಿದ್ದರು. ಅದರ ಮುಖ್ಯಸ್ಥರು ಮ. ಪೊ. ಶಿವಜ್ಞಾನಂ ಅವರು. ಈ ಹೆಸರು ಗಡಿನಾಡಿನವರಿಗೆ ಅಪರಿಚಿತವಲ್ಲ. ಭಾಷಾವಾರು ಪ್ರಾಂತಗಳ ಕಾಲದಲ್ಲಿ ತಮಿಳಿನ ಗಡಿಗಾಗಿ ಹೋರಾಡಿದ ಮುಂದಾಳು ಅವರು. ಆಂಧ್ರಕ್ಕೆ ಹೋಗಿದ್ದ ತಿರುತ್ತಣಿಯು 1960ರಲ್ಲಿ ಮದರಾಸು ರಾಜ್ಯಕ್ಕೆ ಮರಳಿತಷ್ಟೆ. ಆ ಚಳವಳಿಯಲ್ಲಿ ಅವರ ಪಾತ್ರ ದೊಡ್ಡದು. ಅಂದರೆ 1959ರ ಈ ಚಿತ್ರವು ಎಲ್ಲೆಗಳನ್ನು ಹೊಸದಾಗಿ ಎಳೆದ ಕಾಲದ ಕೃತಿ. ಪ್ರತಿಯೊಂದು ಭಾಷೆಯೂ ತನ್ನದೇ ಆದ ರಾಜ್ಯವನ್ನು ಪಡೆದು, ತನ್ನದೇ ಆದ ವೀರರನ್ನು ಅರಸುತ್ತಿದ್ದ ಕಾಲ ಅದು. ಕಟ್ಟಬೊಮ್ಮನು ತೆಲುಗು ಮನೆಮಾತಿನವನೆಂಬುದು ಆ ಹೊತ್ತಿಗೆ ಯಾರಿಗೂ ಮುಖ್ಯವಾಗಲಿಲ್ಲ; ಶಿವಾಜಿ ಗಣೇಶನ್ನರ ಬಾಯಿಂದ ಅವನು ನಿರರ್ಗಳವಾದ ತಮಿಳನ್ನಾಡಿ ತಮಿಳರ ವೀರನಾದನು. ಅದೇ ತಿಂಗಳಲ್ಲಿ ಕವಿ ಕಣ್ಣದಾಸನ್ನರು ಮರುದು ಸೋದರರನ್ನು ಕುರಿತ 'ಶಿವಗಂಗೈ ಸೀಮೈ' ಚಿತ್ರವನ್ನು ತಂದರು. ಮರುದು ಸೋದರರನ್ನು ಕುಂಪಣಿಯು 1801ರಲ್ಲಿ ಗಲ್ಲಿಗೇರಿಸಿತ್ತು. ಎರಡು ಚಿತ್ರಗಳು ಒಟ್ಟಿಗೆ ಬಂದಾಗ ಬಣ್ಣವೂ ವೈಭವವೂ ಇದ್ದುದು ಗೆದ್ದಿತು. ಯಾವ ವೀರನನ್ನು ಜನ ಹೆಚ್ಚು ನೆನೆಯಬೇಕೆಂಬುದನ್ನು ಚಿತ್ರಮಂದಿರದ ಪೈಪೋಟಿ ಎಷ್ಟೋ ಮಟ್ಟಿಗೆ ತೀರ್ಮಾನಿಸಿತು ಎಂದರೆ ಉತ್ಪ್ರೇಕ್ಷೆಯಾಗದು.

ಹಾಗೆಂದು ಈ ಚಿತ್ರವನ್ನು ನಾವು ಹಳಿಯುವವರಲ್ಲ. ಕಟ್ಟಬೊಮ್ಮನನ್ನು ಬಹುಕಾಲ ಬದುಕಿಸಿದವರು ಹಳ್ಳಿಯ ಲಾವಣಿಕಾರರು, ಬೀದಿಯಾಟದವರು. ಆಂಗ್ಲ ಬರಹಗಾರರ ಗ್ರಂಥಗಳಲ್ಲಿ ಅವನು ಹೆಚ್ಚಾಗಿ ಕಪ್ಪ ಕೊಡದ ಪುಂಡ ಪಾಳೆಯಗಾರ. ಆ ಪುಂಡನೆಂಬ ಮಾತನ್ನು ಒರಸಿಹಾಕಿ, ಅವನ ಮಾನವನ್ನು ನಾಡಿಗೆಲ್ಲ ತಿಳಿಸಿದ ಕೀರ್ತಿ ಈ ಚಿತ್ರಕ್ಕೆ ಸಲ್ಲಬೇಕು. ಕಯತ್ತಾರಿನಲ್ಲಿ ಅವನು ಗಲ್ಲಿಗೇರಿದ ಎಡೆಯಲ್ಲಿ ನೆಲವನ್ನು ಕೊಂಡು ಪ್ರತಿಮೆಯನ್ನು ನಿಲ್ಲಿಸಿದವರು ಶಿವಾಜಿ ಗಣೇಶನ್ನರೇ. ಪಾಂಚಾಲಂಕುರಿಚಿಯಲ್ಲಿ 1974ರಲ್ಲಿ ತಮಿಳು ನಾಡು ಸರಕಾರವು ಸ್ಮಾರಕ ಕೋಟೆಯನ್ನು ಕಟ್ಟಿಸಿತು. ಚಿತ್ರದ ಪ್ರಭಾವವಿಲ್ಲದೆ ಇವೆಲ್ಲ ಇಷ್ಟು ಬೇಗ ಆಗುತ್ತಿದ್ದವೆಂದು ಹೇಳಲಾಗದು. ನಮ್ಮ ಆಕ್ಷೇಪ ಒಂದೇ. ವೀರನನ್ನು ಎತ್ತುವುದಕ್ಕಾಗಿ ಒಂದು ಊರನ್ನು ತುಳಿಯಬೇಕಾಗಿರಲಿಲ್ಲ.

ನಮ್ಮ ಕನ್ನಡದ ಕಡೆಗೂ ಇದೇ ದೀಪವನ್ನು ಹಿಡಿಯುವುದು ನ್ಯಾಯ. ಪಂತುಲುಗಳು 1961ರಲ್ಲಿ ಕನ್ನಡದಲ್ಲಿ 'ಕಿತ್ತೂರು ಚೆನ್ನಮ್ಮ' ಚಿತ್ರವನ್ನು ತೆಗೆದರು. ಬಿ. ಸರೋಜಾದೇವಿಯವರು ಚೆನ್ನಮ್ಮನಾದರು. ಮಲ್ಲಸರ್ಜನ ಪಾತ್ರವನ್ನು ವಹಿಸಿದವರು ರಾಜಕುಮಾರರು. ತಾಳವಾಡಿಯ ಬಳಿಯ ದೊಡ್ಡ ಗಾಜನೂರಿನ ಮಗ, ನಮ್ಮ ನೆಲದವರು. ಆದುದರಿಂದ ಆ ಚಿತ್ರವು ನಮ್ಮ ಡೇರೆಗಳಿಗೆ ಬಂದಾಗ ಮನೆಯ ಹುಡುಗನನ್ನೇ ಸಿಂಹಾಸನದಲ್ಲಿ ನೋಡಿದಂತೆ ಹಿರಿಯರು ಹಿಗ್ಗಿದರು. ಆ ಕಥೆಯ ಹುರುಳೂ ದೊಡ್ಡದೇ. 1824ರ ಸೆಪ್ಟೆಂಬರಿನಲ್ಲಿ ಕಿತ್ತೂರಿನ ದೇಸಾಯಿ ಶಿವಲಿಂಗರುದ್ರಸರ್ಜನು ಗಂಡುಸಂತಾನವಿಲ್ಲದೆ ತೀರಿಕೊಂಡನು. ದತ್ತು ಮಗನನ್ನು ಒಪ್ಪೆನೆಂದು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಬೀಗಮುದ್ರೆ ಹಾಕಲು ಬಂದನು. ಅಕ್ಟೋಬರ್ 23ರಂದು ಕಿತ್ತೂರಿನ ಜನ ಕೋಟೆಯಿಂದ ಹೊರಬಿದ್ದು ಕಾದಿ ಅವನನ್ನು ಕೊಂದರು. ಡಿಸೆಂಬರಿನಲ್ಲಿ ದೊಡ್ಡ ದಂಡು ಬಂದು ಕೋಟೆಯನ್ನು ಹಿಡಿಯಿತು. ಆ ಕಾಳಗದಲ್ಲಿ ಸೊಲ್ಲಾಪುರದ ಸಬ್ ಕಲೆಕ್ಟರ್ ಮನ್ರೋ ಮಡಿದನು. ರಾಣಿಯು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ಕಣ್ಣುಮುಚ್ಚಿದಳು. ಸಂಗೊಳ್ಳಿ ರಾಯಣ್ಣನನ್ನು 1831ರಲ್ಲಿ ನಂದಗಡದಲ್ಲಿ ನೇಣಿಗೆ ಹಾಕಿದರು.

ಇಷ್ಟನ್ನು ನಾವು ಬಲ್ಲೆವು, ಹೆಮ್ಮೆಯಿಂದ ಹೇಳುತ್ತೇವೆ. ನಾವು ಹೇಳದೆ ಬಿಡುವ ಭಾಗವೂ ಒಂದಿದೆ. 1818ರಲ್ಲಿ ಪೇಶವೆಯ ವಿರುದ್ಧ ಆಂಗ್ಲರು ದಂಡೆತ್ತಿ ಬಂದಾಗ ಕಿತ್ತೂರಿನ ದೇಸಾಯಿಯು ಥಾಮಸ್ ಮನ್ರೋವಿಗೆ ಬೆಳಗಾವಿಯ ಮುತ್ತಿಗೆಯಲ್ಲಿ ನೆರವಾಗಿದ್ದನು. ಆ ಉಪಕಾರಕ್ಕಾಗಿ ಕುಂಪಣಿಯು ಅವನ ಸಂಸ್ಥಾನವನ್ನು ಸ್ಥಿರಪಡಿಸಿತ್ತು. ಪೇಶವೆಯು ಮಲ್ಲಸರ್ಜನನ್ನು ಪುಣೆಗೆ ಕರೆದೊಯ್ದು ಬಾಧಿಸಿದ್ದನು; ಅದಕ್ಕೆ ಮೊದಲು ಟಿಪ್ಪುವಿನ ದಂಡು ಕಿತ್ತೂರನ್ನು ಆಕ್ರಮಿಸಿತ್ತು. ಸುತ್ತಲೂ ಹುಲಿಗಳಿದ್ದ ಸಣ್ಣ ಸಂಸ್ಥಾನವೊಂದು ಹೊಸ ಹುಲಿಯ ಸ್ನೇಹದಿಂದ ಬದುಕಲು ನೋಡಿತು. ಎಟ್ಟಪ್ಪನಿಗೆ ಹಾಕಿದ ಅಳತೆಗೋಲನ್ನೇ 1818ರ ಕಿತ್ತೂರಿಗೆ ಹಾಕಿದರೆ ನಮ್ಮ ನಾಲಗೆಯಿಂದ ಯಾವ ಮಾತು ಹೊರಡಬೇಕು? ಆ ಅಳತೆಗೋಲೇ ತಪ್ಪೆಂದು ನಾವು ಹೇಳುತ್ತೇವೆ. ಇಂದು ಕೂಡಿದವರು ನಾಳೆ ಕಾದಿದರು. ಕಾದಿದವರ ನೆರೆಯವರು ಕೂಡಿದರು. ಅವರಲ್ಲಿ ಪ್ರತಿಯೊಬ್ಬನಿಗೂ ತನ್ನ ಕೋಟೆ, ತನ್ನ ಕುಲ, ತನ್ನ ಮಾನ ಇವೇ ದೇಶವಾಗಿದ್ದವು. ಆ ಬಿಡಿ ಬಿಡಿ ಮಾನಗಳು ಒಂದು ನಾಡಿನ ಮಾನವಾಗಿ ಕೂಡಿಕೊಳ್ಳಲು ಇನ್ನೂ ಒಂದು ಶತಮಾನ ಬೇಕಾಯಿತು.

ಅಂತಹ ಕೂಟದ ಮೊದಲ ಪ್ರಯತ್ನವು ಕಟ್ಟಬೊಮ್ಮನು ಮಡಿದ ಮರುವರ್ಷವೇ ನಡೆಯಿತೆಂಬುದು ಚಿತ್ರದ ಕಥೆಗೆ ಹೊರಗಿನ ಮಾತು. ಚರಿತ್ರಕಾರ ಕೆ. ರಾಜಯ್ಯನ್ನರು 1971ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ 1800-1801ರ ದಕ್ಷಿಣ ಭಾರತದ ದಂಗೆಯನ್ನು ಸಂಗ್ರಹಿಸಿ ಕೊಟ್ಟಿದ್ದಾರೆ. ಮರುದು ಸೋದರರು, ದಿಂಡಿಗಲ್ ಕಡೆಯ ಗೋಪಾಲ ನಾಯಕ, ವಯನಾಡಿನ ಪಳಶ್ಶಿ ರಾಜ, ಕನ್ನಡ ನಾಡಿನಲ್ಲಿ ಧೋಂಡಿಯ ವಾಘ ಇವರ ನಡುವೆ ದೂತರು ಓಡಾಡಿದರು. 1800ರ ಜೂನ್ ತಿಂಗಳಲ್ಲಿ ಕೊಯಮತ್ತೂರಿನ ಕೋಟೆಯನ್ನು ಹಿಡಿಯುವ ಯತ್ನವಾಗಿ ಸೋತಿತು. ಸೆಪ್ಟೆಂಬರಿನಲ್ಲಿ ಧೋಂಡಿಯನು ಕೋನಗಲ್ಲಿನ ಬಳಿ ವೆಲ್ಲೆಸ್ಲಿಯ ದಂಡಿನ ಕೈಯಲ್ಲಿ ಮಡಿದನು. 1801ರ ಫೆಬ್ರವರಿಯಲ್ಲಿ ಕಟ್ಟಬೊಮ್ಮನ ತಮ್ಮ ಊಮೈದೊರೆಯು ಪಾಳೆಯಂಕೋಟೆಯ ಸೆರೆಯಿಂದ ತಪ್ಪಿಸಿಕೊಂಡು ಬಂದು ನೆಲಸಮವಾಗಿದ್ದ ಕೋಟೆಯನ್ನು ಮತ್ತೆ ಎಬ್ಬಿಸಿದನು. ಮಾತು ಸರಿಯಾಗಿ ಬಾರದ ಈ ತಮ್ಮನ ಸಾಹಸವನ್ನು ಆಂಗ್ಲ ಸೇನಾಧಿಕಾರಿ ಜೇಮ್ಸ್ ವೆಲ್ಷನು ತನ್ನ ನೆನಪುಗಳಲ್ಲಿ ಮೆಚ್ಚಿ ಬರೆದನು. ತೆಲುಗು, ತಮಿಳು, ಕನ್ನಡ, ಮಲೆಯಾಳ, ಮರಾಠಿ ಮಾತನಾಡುವವರು ಒಂದು ಕಾರ್ಯಕ್ಕೆ ಕೈಗೂಡಿಸಿದ ಈ ಅಧ್ಯಾಯಕ್ಕೆ ಒಂದು ಭಾಷೆಯ ಬಾವುಟವನ್ನು ಕಟ್ಟಲಾಗದು. ಅದರಿಂದಲೇ ಏನೋ, ಅದನ್ನು ತೆರೆಗೆ ತರಲು ವೈಭವದ ಚಿತ್ರಗಳಿಗೆ ಮನಸ್ಸಾಗಲಿಲ್ಲ.

ಈ ಚರಿತ್ರೆ ನಮ್ಮ ಅಂಗಳದ್ದೂ ಹೌದು. ನಮ್ಮ ಬೆಟ್ಟಗಳ ನಡುವಣ ಗಜ್ಜಲಹಟ್ಟಿ ಕಣಿವೆಯಿಂದ 1790ರಲ್ಲಿ ಟಿಪ್ಪುವಿನ ಸೈನ್ಯವು ಸತ್ಯಮಂಗಲದ ಬಯಲಿಗೆ ಇಳಿದು ಕರ್ನಲ್ ಫ್ಲಾಯ್ಡನ ದಂಡಿನೊಡನೆ ಕಾದಿತು. ಕಟ್ಟಬೊಮ್ಮನು ಗಲ್ಲಿಗೇರಿದ 1799ರಲ್ಲಿಯೇ ಕೊಯಮತ್ತೂರು ಸೀಮೆಯು ಮೈಸೂರಿನಿಂದ ಬೇರ್ಪಟ್ಟು ಕುಂಪಣಿಯ ಕೈಸೇರಿತು. 1956ರಲ್ಲಿ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಹೋಯಿತು. ತಾಳವಾಡಿ ಈಚೆ ಉಳಿಯಿತು. 1979ರಲ್ಲಿ ಈರೋಡ್ ಜಿಲ್ಲೆಯಾದಾಗ ನಾವು ಆ ಜಿಲ್ಲೆಗೆ ಸೇರಿದೆವು. ಎಲ್ಲೆಯನ್ನು ಎಳೆದವರು ನಮ್ಮನ್ನು ಕೇಳಿ ಎಳೆಯಲಿಲ್ಲ. ಆ ಎಲ್ಲೆಯ ಮೇಲೆ ಬಾಳುವವರಿಗೆ 'ದ್ರೋಹಿ' ಎಂಬ ಮಾತು ಎಷ್ಟು ಹಗುರವಾಗಿ ಹಾರಿಬರುವುದೆಂಬುದು ಗೊತ್ತು. ಎರಡು ರಾಜ್ಯಗಳ ನಡುವೆ ನೀರಿನದೋ ಮಾತಿನದೋ ವ್ಯಾಜ್ಯ ಎದ್ದಾಗಲೆಲ್ಲ ಆಚೆಯವರು ನಮ್ಮನ್ನು ಈಚೆಯವರೆಂದು, ಈಚೆಯವರು ಆಚೆಯವರೆಂದು ಸಂದೇಹದಿಂದ ನೋಡಿದ್ದುಂಟು. ಕನ್ನಡ ಶಾಲೆಯಲ್ಲಿ ಓದಿ, ತಮಿಳಿನಲ್ಲಿ ವ್ಯಾಪಾರ ಮಾಡಿ, ಎರ‍ಡು ಕಡೆಯೂ ಹೆಣ್ಣು ಕೊಟ್ಟು ತಂದು ಬಾಳುವ ನಾವು ಬೇರೊಂದು ಊರಿನ ಬಿರುದನ್ನು ಬೈಗುಳವಾಗಿ ನಮ್ಮ ಮಕ್ಕಳ ಬಾಯಲ್ಲಿ ಬೆಳೆಸುವುದು ಶೋಭಿಸದು.

ಆದುದರಿಂದ ನಮ್ಮ ಕುಟುಂಬಗಳಲ್ಲಿ ನಮ್ಮದೊಂದು ಬಿನ್ನಹ. ಇಂತಹ ಚಿತ್ರಗಳನ್ನು ಮಕ್ಕಳಿಗೆ ಅವಶ್ಯವಾಗಿ ತೋರಿಸಿರಿ. ಕಟ್ಟಬೊಮ್ಮನನ್ನೂ ತೋರಿಸಿರಿ, ಚೆನ್ನಮ್ಮನನ್ನೂ ತೋರಿಸಿರಿ. ಅವರ ಕಣ್ಣಲ್ಲಿ ನೀರು ಬಂದರೆ ಬರಲಿ; ಆ ನೀರು ಸುಳ್ಳಲ್ಲ. ಮರುದಿನ ಮಾತ್ರ ಅವರನ್ನು ಬಳಿಯಲ್ಲಿ ಕೂಡಿಸಿಕೊಂಡು ನಾಲ್ಕು ಪ್ರಶ್ನೆ ಕೇಳಿರಿ. ಆ ವೀರನ ಮನೆಯಲ್ಲಿ ಯಾವ ಮಾತನ್ನಾಡುತ್ತಿದ್ದರು? ಕಪ್ಪದ ಲೆಕ್ಕ ಎಷ್ಟಿತ್ತು, ಎಷ್ಟನ್ನು ಸಲ್ಲಿಸಿದ್ದನು? ಅವನನ್ನು ನಿಜವಾಗಿ ಹಿಡಿದುಕೊಟ್ಟವರು ಯಾರು? ಖಳನೆಂದು ತೋರಿಸಿದವನ ಊರಿನಲ್ಲಿ ಮುಂದೆ ಯಾರು ಹುಟ್ಟಿದರು? ಉತ್ತರ ತಿಳಿದ ಮಗುವಿಗೆ ವೀರನ ಮೇಲಿನ ಪ್ರೀತಿ ಕಡಮೆಯಾಗುವುದಿಲ್ಲ. ನೆರೆಯವನ ಮೇಲಿನ ದ್ವೇಷ ಕಡಮೆಯಾಗುತ್ತದೆ. ಹಾಗೆಯೇ ನಮ್ಮ ಸೀಮೆಯ ಮುದುಕರು ಹೇಳುವ ದಂಡಿನ ಕಥೆ, ಕಣಿವೆಯ ಕಥೆ, ವಲಸೆಯ ಕಥೆಗಳನ್ನು ಅವರಿರುವಾಗಲೇ ಬರೆದಿಡಿರಿ. ಅವನ್ನು ತೆರೆಯ ಮೇಲೆ ತರಲು ಯಾವ ನಿರ್ಮಾಪಕನೂ ಬಾರದಿರಬಹುದು. ಬಂದರೆ ಅವನ ಕೈಗೆ ಕೊಡಲು ನಿಜವಾದ ಸಂಗತಿಗಳಾದರೂ ನಮ್ಮ ಬಳಿ ಇರಲಿ.

ಇನ್ನು ಮುಂದೆ ನಮ್ಮ ಅಂಗಳದಲ್ಲಿ ಮಕ್ಕಳು ಯಾರನ್ನಾದರೂ 'ಎಟ್ಟಪ್ಪ' ಎಂದು ಕೂಗಿದರೆ, ಅವರನ್ನು ಗದರಿಸುವುದು ಬೇಡ. ಹತ್ತಿರ ಕರೆದು, ದೀಕ್ಷಿತರು ಕಣ್ಣುಮುಚ್ಚಿದ, ಭಾರತಿಯವರು ಕಣ್ಣುತೆರೆದ ಊರಿನ ಕಥೆಯನ್ನು ಹೇಳೋಣ. ಆ ಊರಿಗೂ ನಮಗೂ ನಡುವೆ ಬೆಟ್ಟವಿದೆ, ಬಯಲಿದೆ, ಬೇರೆ ಭಾಷೆಯಿದೆ. ಆದರೂ ಆ ಊರಿನ ಹೆಸರನ್ನು ಗೌರವದಿಂದ ಉಚ್ಚರಿಸಲು ನಮ್ಮ ಕನ್ನಡಕ್ಕೆ ಯಾವ ಅಡ್ಡಿಯೂ ಇಲ್ಲ.